ಪರದೇಶದಲ್ಲಿ ಕೊನೆಯ ದಿನ

ಒಬ್ಬಂಟಿಗನಾಗಿ ಕೈಕೊಂಡ ನನ್ನ ಲಂಡನ್ ಪ್ರವಾಸದ ಕೊನೆಯ ದಿನವದು. ಗಂಟುಮೂಟೆ ಕಟ್ಟಿಯಾಗಿದ್ದಿತು, ವಿಮಾನಕ್ಕೆ ಇನ್ನೂ ಹೊತ್ತಿದ್ದಿತು. ಥೇಮ್ಸ್ ನದಿಯ ದಂಡೆಗೆ ಹೋದೆನು. ನದಿಯಾಚೆ ಪಾರ್ಲಿಮೆಂಟ್ ಭವನ. ಈಚೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ. ಕೈಮುಗಿದೆನು. ದಿನಗಟ್ಟಲೆ ಕನ್ನಡವನ್ನು ಕೇಳದಿದ್ದ ಮನಸ್ಸಿಗೆ ತವರಿನ ಹಿರಿಯರೇ ಎದುರಾದಂತೆ ಆನಂದವಾಯಿತು. ಒಡನೆಯೇ ನಾಚಿಕೆಯೂ ಉಂಟಾಯಿತು. ಮೂವತ್ತು ವರ್ಷ ಮಕ್ಕಳಿಗೆ ವಚನಗಳನ್ನು ಕಲಿಸಿದ ನಾನು, ಅವರು ಹುಟ್ಟಿದ ಊರೆಂದು ಪ್ರಸಿದ್ಧವಾದ, ನಮ್ಮ ವಿಜಯಪುರ ಜಿಲ್ಲೆಯದೇ ಆದ ಬಸವನ ಬಾಗೇವಾಡಿಯನ್ನು ಒಮ್ಮೆಯೂ ನೋಡಿರಲಿಲ್ಲ!

ನಿಡೋಣಿಗೆ ಬಂದಿಳಿದಾಗ ಮನೆಯಾಕೆಯು ಬಿಸಿ ಜೋಳದ ರೊಟ್ಟಿಯನ್ನು ಬಡಿಸುತ್ತ, "ಏನೇನು ನೋಡಿ ಬಂದಿರಿ?" ಎಂದು ಕೇಳಿದಳು.

"ನೋಡುವುದು ಇನ್ನೂ ಒಂದು ಉಳಿದಿದೆ, ನಾಳೆ ಇಬ್ಬರೂ ಬಾಗೇವಾಡಿಗೆ ಹೋಗೋಣ" ಎಂದೆನು.

ಮರುದಿನ ಹೋಗಿಬಂದೆವು. ವಾಚಕರೇ, ದೂರ ದೇಶಕ್ಕೆ ಹೊರಡುವ ಮೊದಲು ನೆರೆಯ ಕ್ಷೇತ್ರವನ್ನೂ ನೋಡಿಕೊಳ್ಳಿರಿ.