ಪಾರಿವಾಳದ ಹಾಲು

ಪಾರಿವಾಳ ಸಾಕುವವರು ಮೊಟ್ಟೆಯಿಟ್ಟ ದಿನವನ್ನು ತಪ್ಪದೆ ಬರೆದಿಡಬೇಕು. ಇದು ಏತಕ್ಕೆಂಬುದನ್ನು ನಾವು ತಡವಾಗಿ ಅರಿತೆವು. ನಮ್ಮ ಹಿತ್ತಿಲ ಗೂಡಿನ ಒಂದು ಜೋಡಿ ಬೆಕ್ಕಿಗೆ ಆಹುತಿಯಾಯಿತು. ಅವು ೧೬ ದಿನ ಕಾವು ಕೊಟ್ಟಿದ್ದ ಎರಡು ಮೊಟ್ಟೆಗಳನ್ನು, ಕಾವಿಗೆ ಕುಳಿತು ೪ ದಿನವಷ್ಟೇ ಆಗಿದ್ದ ಬೇರೊಂದು ಜೋಡಿಯ ಮೊಟ್ಟೆಗಳ ಬದಲಿಗೆ ಇಟ್ಟೆವು. ಮರಿಗಳೇನೋ ಹೊರಬಂದುವು; ಆದರೆ ಎರಡೂ ಉಳಿಯಲಿಲ್ಲ.

ತಪ್ಪು ಆ ಜೋಡಿಯದಲ್ಲ, ನಮ್ಮ ಲೆಕ್ಕದ್ದು. ಪಾರಿವಾಳದ ಮರಿ ಕಣ್ಣು ತೆರೆಯದೆಯೇ ಹುಟ್ಟುತ್ತದೆ. ಮೊದಲ ದಿನಗಳಲ್ಲಿ ಕಾಳು ಅದಕ್ಕೆ ಒಗ್ಗದು. ಗಂಟಲ ಚೀಲದಿಂದ ತಾಯಿ ಮಾತ್ರವಲ್ಲ, ತಂದೆಯೂ ಉಗುಳಿ ಕೊಡುವ 'ಹಾಲೇ' ಆಗ ಅದರ ಜೀವಾಧಾರ. ಒಡೆದ ಹಾಲಿನ ಗಡ್ಡೆಯಂತಿರುವ ಈ ವಸ್ತುವು, ಚೀಲದ ಒಳಪದರದ ಜೀವಕೋಶಗಳು ಕೊಬ್ಬು ತುಂಬಿಕೊಂಡು ಕಳಚಿ ಬಿದ್ದುದು. ಸಸಾರಜನಕವೂ ಕೊಬ್ಬೂ ಇದರಲ್ಲಿ ಸಮೃದ್ಧ. ಹಸುವಿನ ಹಾಲಿನಲ್ಲಿರುವ ಸಕ್ಕರೆ ಮಾತ್ರ ಇಲ್ಲ. ಇಂಗ್ಲೆಂಡಿನ ಜಾನ್ ಹಂಟರನು ೧೭೮೬ರಲ್ಲಿಯೇ ಇದನ್ನು ವರ್ಣಿಸಿದ್ದನು.

ಚೀಲವನ್ನು ಇದಕ್ಕೆ ಅಣಿಗೊಳಿಸುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಸಸ್ತನಿಗಳಲ್ಲಿ ಹಾಲೂಡಿಸುವುದೂ ಇದೇ ಎಂಬುದು ಸೋಜಿಗವಲ್ಲವೆ? ಕಾವಿನ ಎರಡನೆಯ ವಾರದಲ್ಲಿ ಚೀಲದ ಗೋಡೆ ದಪ್ಪವಾಗತೊಡಗಿ, ಮರಿ ಒಡೆಯುವ ೧೭-೧೮ನೆಯ ದಿನಕ್ಕೆ ಹಾಲು ಸಿದ್ಧವಾಗಿರುತ್ತದೆ. ನಮ್ಮ ಅನಾಥ ಮರಿಗಳು ಬಂದದ್ದು ಆ ಜೋಡಿಯ ಆರನೆಯ ದಿನಕ್ಕೆ! ಚೀಲದಲ್ಲಿದ್ದುದು ಬರಿಯ ಜೋಳದ ಕಾಳು.

ಈಗ ನಮ್ಮ ಪ್ರತಿಯೊಂದು ಗೂಡಿನ ಮೇಲೂ ಸೀಮೆಸುಣ್ಣದಲ್ಲಿ ತಾರೀಖು ಬರೆದಿದೆ. ಒಂದೆರಡು ದಿನಕ್ಕಿಂತ ಹೆಚ್ಚಿನ ಅಂತರವಿದ್ದಲ್ಲಿ ಮೊಟ್ಟೆಯನ್ನು ನಾವು ಸ್ಥಳಾಂತರಿಸುವುದಿಲ್ಲ.