ಬ್ಲೋವರ್ ಸದ್ದು ಮಾಡ್ತಿದೆ ಸರಿ, ಧೂಳು ಎಳೀತಿದೆಯಾ?

ಬೆಳೆದ ರಾಗಿ, ನವಣೆ, ಸಾಮೆಯನ್ನು ಹಾಗೇ ಮಾರುವ ಬದಲು ಊರಲ್ಲೇ ಕ್ಲೀನ್ ಮಾಡಿ, ಹಿಟ್ಟು ಮಾಡಿ, ಪ್ಯಾಕೆಟ್ ಕಟ್ಟಿ ಮಾರೋಣ ಅಂತ ಹೊರಟ ಯುವ ರೈತರು ಈಗ ಬಹಳ ಜನ ಇದ್ದಾರೆ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯ ಸಹಾಯಧನ ಪಡೆದು ಘಟಕ ಹಾಕಿದವರೂ ಇದ್ದಾರೆ. ಇಂಥ ಸಣ್ಣ ಘಟಕಗಳ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ಕಡೆಯೆಲ್ಲ ಒಂದು ವಿಷಯ ಗಮನಿಸಿದ್ದೀನಿ. ಡೀಸ್ಟೋನರ್‌ಗೆ, ಪಲ್ವರೈಸರ್‌ಗೆ ಸಿಗುವ ಆರೈಕೆ ಧೂಳು ಎಳೆಯುವ ಡಸ್ಟ್ ಕಲೆಕ್ಟರ್‌ಗೆ ಸಿಗಲ್ಲ.

ಕಾರಣ ಸುಲಭ. ಪಲ್ವರೈಸರ್ ಕೆಟ್ಟರೆ ಕೆಲಸ ನಿಲ್ಲುತ್ತೆ, ಅವತ್ತೇ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತೆ. ಡಸ್ಟ್ ಕಲೆಕ್ಟರ್ ಕೆಟ್ಟರೆ ಕೆಲಸ ನಡೀತಾನೇ ಇರುತ್ತೆ, ಬ್ಲೋವರ್ ಸದ್ದೂ ಬರ್ತಾ ಇರುತ್ತೆ. ಧೂಳು ಮಾತ್ರ ಪೈಪಿಗೆ ಹೋಗುವ ಬದಲು ನಿಮ್ಮ ಎದೆಗೆ ಹೋಗುತ್ತೆ. ಆದ್ದರಿಂದ ಸದ್ದು ನಂಬಬೇಡಿ, ಎಳೆತ ನೋಡಿ.

ಕಾಣುವ ಧೂಳಿಗಿಂತ ಕಾಣದ ಧೂಳು ಕೆಟ್ಟದ್ದು

ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೀಸೆ, ಹುಬ್ಬಿನ ಮೇಲೆ ಕೂರುವ ದಪ್ಪ ಧೂಳು ಹೆಚ್ಚಾಗಿ ಮೂಗಲ್ಲೇ ನಿಲ್ಲುತ್ತೆ. 10 ಮೈಕ್ರಾನ್‌ಗಿಂತ ಸಣ್ಣದು ಒಳಗೆ ಇಳಿಯುತ್ತೆ, ಅದರಲ್ಲೂ ತೀರಾ ಸಣ್ಣದು ಶ್ವಾಸಕೋಶದ ತಳ ಮುಟ್ಟುತ್ತೆ. ಬೂಸಲು ಹಿಡಿದ ಧಾನ್ಯವಾದರೆ ಇನ್ನೂ ಅಪಾಯ. ಬೂಸಲಿನ ಧೂಳು ಕುಡಿದ ಸಂಜೆ ಜ್ವರ, ಮೈಕೈ ನೋವು, ಎದೆ ಬಿಗಿತ ಬರಬಹುದು. ಇದೇ ಪದೇ ಪದೇ ಆದರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಡಾಕ್ಟರ ಹತ್ತಿರ ಹೋದಾಗ "ಕೆಮ್ಮು" ಅಂತಷ್ಟೇ ಹೇಳದೆ, ಹಿಟ್ಟಿನ ಧೂಳಲ್ಲಿ ಕೆಲಸ ಮಾಡ್ತೀನಿ ಅಂತಲೂ ಹೇಳಿ.

ಇನ್ನೊಂದು ಅಪಾಯ ಬೆಂಕಿ. ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟಿಗೆ ಕಿಡಿ ತಗುಲಿದರೆ ಅದು ಸ್ಫೋಟಿಸುತ್ತೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಹಿಟ್ಟಿನ ಗಿರಣಿ ಹೀಗೇ ಸಿಡಿದು 18 ಜನ ಸತ್ತರು. ನಮ್ಮ ಘಟಕ ಚಿಕ್ಕದಿರಬಹುದು, ಆದರೆ ಮುಚ್ಚಿದ ಪೈಪು, ಬ್ಯಾಗು, ಡ್ರಮ್ಮಿನ ಒಳಗೂ ಇದೇ ನಡೆಯಬಹುದು.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ?

ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿ ಐದು ಭಾಗ ಇರುತ್ತೆ. ಯಂತ್ರದ ಹತ್ತಿರ ಧೂಳು ಹಿಡಿಯುವ ಬಾಯಿ, ಅಂದರೆ ಹುಡ್. ಅಲ್ಲಿಂದ ಪೈಪು. ಆಮೇಲೆ ಸೈಕ್ಲೋನ್, ಇದರಲ್ಲಿ ಗಾಳಿ ಸುಳಿ ಸುತ್ತಿ ದಪ್ಪ ಧೂಳು, ಹೊಟ್ಟು ಕೆಳಗೆ ಬೀಳುತ್ತೆ. ಅದರ ಮುಂದೆ ಬ್ಲೋವರ್. ಕೊನೆಗೆ ಬಟ್ಟೆಯ ಫಿಲ್ಟರ್ ಬ್ಯಾಗ್. ಸೈಕ್ಲೋನ್ ಬಿಟ್ಟುಬಿಡುವ ಸಣ್ಣ ಧೂಳನ್ನು ಹಿಡಿಯೋದು ಈ ಬ್ಯಾಗೇ. ಬ್ಯಾಗ್ ತೆಗೆದು ಬರೀ ಸೈಕ್ಲೋನ್ ಓಡಿಸಿದರೆ ಎದೆಗೆ ಕೆಟ್ಟದ್ದೇ ಹೊರಗೆ ಬರುತ್ತೆ.

ಎಳೆತ ಕಡಿಮೆಯಾಗುವ ಜಾಗಗಳು

*ಉಲ್ಟಾ ತಿರುಗುವ ಮೋಟಾರ್.* ಟಿ.ಸಿ. ಬದಲಿಸಿದ ಮೇಲೆ, ಲೈನ್ ರಿಪೇರಿ ಆದ ಮೇಲೆ ತ್ರೀ ಫೇಸ್‌ನ ಫೇಸ್ ಅದಲು ಬದಲಾಗೋದು ನಿಮಗೆ ಗೊತ್ತೇ ಇದೆ. ಬೋರ್‌ವೆಲ್ ಮೋಟಾರ್ ಆದರೆ ನೀರು ಕಡಿಮೆ ಬಂದು ತಕ್ಷಣ ಗೊತ್ತಾಗುತ್ತೆ. ಬ್ಲೋವರ್ ಹಾಗಲ್ಲ. ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತೆ, ಎಳೆತ ಮಾತ್ರ ತುಂಬಾ ಇಳಿದಿರುತ್ತೆ. ಒಂದು ಘಟಕದಲ್ಲಿ ಹೊಸ ಬ್ಯಾಗ್ ಹಾಕಿದರೂ ಧೂಳು ನಿಲ್ಲುತ್ತಿಲ್ಲ ಅಂತ ಕರೆದಿದ್ದರು. ಹೋಗಿ ನೋಡಿದರೆ ಮೋಟಾರ್ ಉಲ್ಟಾ. ಎರಡು ಫೇಸ್ ಬದಲಿಸಿದ್ದಷ್ಟೇ, ಸರಿಹೋಯ್ತು. ಬ್ಲೋವರ್ ಮೇಲೆ ತಿರುಗುವ ದಿಕ್ಕಿನ ಬಾಣ ಇರುತ್ತೆ. ಇಲ್ಲದಿದ್ದರೆ ಪೇಂಟ್‌ನಲ್ಲಿ ಬರೆಸಿಕೊಳ್ಳಿ. ಕರೆಂಟ್ ಕೆಲಸ ಆದ ಪ್ರತಿ ಸಲ ನೋಡಿ.

*ಸಡಿಲ ಬೆಲ್ಟ್.* ಬೆಲ್ಟ್ ಜಾರಿದರೆ ಮೋಟಾರ್ ಪೂರ್ತಿ ವೇಗದಲ್ಲಿದ್ದರೂ ಬ್ಲೋವರ್ ನಿಧಾನ ಆಗುತ್ತೆ. ಪುಲ್ಲಿ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಅದೇ ಗುರುತು. ಎರಡು ಪುಲ್ಲಿ ಮಧ್ಯೆ ಅರ್ಧ ಮೀಟರ್ ಅಂತರ ಇದ್ದರೆ, ಹೆಬ್ಬೆರಳಲ್ಲಿ ಒತ್ತಿದಾಗ ಬೆಲ್ಟ್ 8 ಮಿ.ಮೀ. ಆಸುಪಾಸು ಬಗ್ಗಬೇಕು. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

*ದೂರ ಸರಿದ ಹುಡ್.* ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಹುಡ್ಡನ್ನು ಪಕ್ಕಕ್ಕೆ ತಿರುಗಿಸಿರುತ್ತಾರೆ. ಪೈಪಿನ ಬಾಯಿ 6 ಇಂಚು ಅಗಲ ಇದ್ದರೆ, ಅದರಿಂದ 6 ಇಂಚು ದೂರದಲ್ಲೇ ಎಳೆತ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಊದಿದ ಗಾಳಿ ದೂರ ಹೋಗುತ್ತೆ, ಎಳೆಯುವ ಗಾಳಿಗೆ ಆ ಶಕ್ತಿ ಇಲ್ಲ. ಧೂಳು ಏಳುವ ಜಾಗಕ್ಕೆ ಹುಡ್ ಆದಷ್ಟು ಹತ್ತಿರ ಇರಲಿ.

*ಸೈಕ್ಲೋನ್ ತಳದ ಸೋರಿಕೆ.* ಕೆಳಗಿನ ಏರ್‌ಲಾಕ್ ರಬ್ಬರ್ ಸವೆದರೆ, ಅಥವಾ ಚೀಲ ಸರಿಯಾಗಿ ಕಟ್ಟದಿದ್ದರೆ, ಕೆಳಗಿಂದ ಗಾಳಿ ನುಗ್ಗಿ ಬಿದ್ದ ಧೂಳನ್ನೇ ಮತ್ತೆ ಮೇಲಕ್ಕೆ ಎತ್ತುತ್ತೆ. ಚೀಲ ಮೊದಲಿನಷ್ಟು ಬೇಗ ತುಂಬುತ್ತಿಲ್ಲ, ಬ್ಯಾಗ್ ಮಾತ್ರ ಬೇಗ ಕಟ್ಟಿಕೊಳ್ತಿದೆ ಅಂದರೆ ಮೊದಲು ಇಲ್ಲಿ ನೋಡಿ. ಚೀಲವನ್ನು ಪೂರ್ತಿ ತುಂಬಲು ಬಿಡಬೇಡಿ.

*ಪೈಪಿನಲ್ಲಿ ಕೂತ ಧೂಳು.* ಎಳೆತ ಇಳಿದರೆ ಅಡ್ಡ ಹೋಗುವ ಪೈಪಿನಲ್ಲಿ, ಬೆಂಡ್‌ನಲ್ಲಿ ಧೂಳು ಕೂರುತ್ತೆ. ಮರದ ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ. ಖಾಲಿ ಪೈಪು ಟಣ್ ಅನ್ನುತ್ತೆ, ತುಂಬಿದ್ದು ಮಂಕಾಗಿ ಸದ್ದು ಮಾಡುತ್ತೆ.

*ಕಟ್ಟಿಕೊಂಡ ಬ್ಯಾಗ್.* ತೇವ ಇರುವ ಧಾನ್ಯ ಹಾಕಿದರೆ ಧೂಳು ಬಟ್ಟೆಯ ಮೇಲೆ ಅಂಟಿನಂತೆ ಕೂರುತ್ತೆ. ಮಳೆಗಾಲದಲ್ಲಿ ಇದು ಹೆಚ್ಚು. ಧಾನ್ಯ ಒಣಗಿಸಿಯೇ ಹಾಕಿ. ಕೆಲಸ ಮುಗಿದ ಮೇಲೆ 10 ನಿಮಿಷ ಬ್ಲೋವರ್ ಖಾಲಿ ಓಡಲಿ. ಬ್ಯಾಗ್ ಕೊಡವೋದು ಬ್ಲೋವರ್ ಪೂರ್ತಿ ನಿಂತ ಮೇಲೆಯೇ, ಮಾಸ್ಕ್ ಹಾಕಿಕೊಂಡೇ. ಮಾರಿದವರನ್ನು ಕೇಳದೆ ನೀರಲ್ಲಿ ತೊಳೀಬೇಡಿ. ಕೆಲವು ಬಟ್ಟೆ ಕುಗ್ಗಿ ಹಾಳಾಗುತ್ತೆ.

ಖರ್ಚಿಲ್ಲದ ಮೂರು ಪರೀಕ್ಷೆ

1. ದಾರ: ಹುಡ್ಡಿನ ಅಂಚಿಗೆ ಒಂದು ಗೇಣು ಹತ್ತಿ ದಾರ ಕಟ್ಟಿ. ಬ್ಲೋವರ್ ಹಾಕಿದಾಗ ಅದು ಒಳಮುಖವಾಗಿ ಬಿಗಿಯಾಗಿ ನಿಲ್ಲಬೇಕು. ಜೋಲಾಡಿದರೆ ಎಳೆತ ಇಲ್ಲ. ಊದುಬತ್ತಿ ಹೊಗೆಯಲ್ಲಿ ನೋಡೋಣ ಅಂತ ಹೋಗಬೇಡಿ, ಹಿಟ್ಟಿರುವ ಕಡೆ ಬೆಂಕಿ ಬೇಡವೇ ಬೇಡ.

2. ಮೊಬೈಲ್ ಟಾರ್ಚ್: ಸಂಜೆ ದೀಪ ಆರಿಸಿ, ಯಂತ್ರ ಓಡುವಾಗ ಧೂಳೇಳುವ ಜಾಗದ ಆ ಬದಿಯಿಂದ ಟಾರ್ಚ್ ಬಿಡಿಸಿ. ನೀವು ಈ ಬದಿ ಸ್ವಲ್ಪ ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಂತು, ಬೆಳಕು ಕಣ್ಣಿಗೆ ನೇರ ಬೀಳದಂತೆ ರಟ್ಟು ಅಡ್ಡ ಹಿಡಿದು ನೋಡಿ. ಹಗಲಲ್ಲಿ ಕಾಣದ ಸಣ್ಣ ಧೂಳು ಹೊಗೆಯಂತೆ ಕಾಣುತ್ತೆ, ಎತ್ತ ಹೋಗ್ತಿದೆ ಅನ್ನೋದೂ ತಿಳಿಯುತ್ತೆ. ಇನ್ನೊಂದು ಫೋನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಬಹುದು.

3. ಲೆವೆಲ್ ಪೈಪ್: ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪನ್ನು ಹಲಗೆಯ ಮೇಲೆ "ಯು" ಆಕಾರದಲ್ಲಿ ಕೂರಿಸಿ, ಅರ್ಧ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಬ್ಲೋವರ್ ಮತ್ತು ಬ್ಯಾಗ್ ನಡುವಿನ ಪೈಪಿಗೆ ಸೇರಿಸಿ, ಇನ್ನೊಂದು ತೆರೆದಿರಲಿ. ಎರಡೂ ಕಡೆಯ ನೀರಿನ ಎತ್ತರದ ವ್ಯತ್ಯಾಸವನ್ನು ಹೊಸ ಬ್ಯಾಗ್ ಹಾಕಿದ ದಿನವೇ ಬರೆದಿಡಿ. ವ್ಯತ್ಯಾಸ ವಾರ ವಾರ ಏರಿದರೆ ಬ್ಯಾಗ್ ಕಟ್ಟಿಕೊಳ್ತಿದೆ. ಏಕಾಏಕಿ ಇಳಿದರೆ ಬ್ಯಾಗ್ ಹರಿದಿರಬಹುದು, ಇಲ್ಲವೇ ಬ್ಲೋವರ್‌ಗೆ ಗಾಳಿಯೇ ಬರುತ್ತಿಲ್ಲ.

ಇವಿಷ್ಟನ್ನು ಮರೀಬೇಡಿ

- ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಲ್ಲಿಟ್ಟುಕೊಳ್ಳಿ. ಸ್ವಿಚ್ ಆರಿಸಿದ ಮೇಲೂ ಬ್ಲೋವರ್ ರೆಕ್ಕೆ ಸ್ವಲ್ಪ ಹೊತ್ತು ತಿರುಗುತ್ತೆ.
- ಕಂಪ್ರೆಸರ್ ಗಾಳಿಯಲ್ಲಿ ನೆಲ, ಯಂತ್ರ ಊದಬೇಡಿ. ಕೂತ ಧೂಳೆಲ್ಲ ಮೇಲೆದ್ದು ಎದೆಗೂ ಬೆಂಕಿಗೂ ಅನುಕೂಲ ಮಾಡಿಕೊಡುತ್ತೆ.
- ಲೋಹದ ಪೈಪಿಗೆ ಅರ್ಥಿಂಗ್ ಇರಲಿ. ಪಿವಿಸಿ ಪೈಪಿನಲ್ಲಿ ಧೂಳು ಉಜ್ಜಿ ಸ್ಥಿರ ವಿದ್ಯುತ್ ಹುಟ್ಟುತ್ತೆ.
- ಬೇರಿಂಗ್ ಬಿಸಿಯಾದರೆ, ಬ್ಲೋವರ್ ಅದುರಿದರೆ ಓಡಿಸಬೇಡಿ. ಘಟಕದ ಒಳಗೆ ವೆಲ್ಡಿಂಗ್ ಮಾಡಿಸುವುದಿದ್ದರೆ ಯಂತ್ರವೆಲ್ಲ ನಿಲ್ಲಿಸಿ, ಪೈಪು, ತೊಲೆ, ನೆಲ ಎಲ್ಲ ಚೊಕ್ಕ ಮಾಡಿದ ಮೇಲೇ.
- ಮೂಗಿಗೆ ಟವೆಲ್ ಕಟ್ಟಿದರೆ ಸಣ್ಣ ಧೂಳು ನಿಲ್ಲಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬಳಸಿ.

ದಾರ ಮತ್ತು ಚೀಲ ದಿನಾ ನೋಡಿ. ಬೆಲ್ಟ್, ನೀರಿನ ಮಟ್ಟ, ಪೈಪಿನ ಸದ್ದು ವಾರಕ್ಕೊಮ್ಮೆ. ಬ್ಯಾಗ್, ಏರ್‌ಲಾಕ್, ಬ್ಲೋವರ್ ರೆಕ್ಕೆ, ಟಾರ್ಚ್ ಪರೀಕ್ಷೆ ತಿಂಗಳಿಗೊಮ್ಮೆ. ವಾರದ ಕೆಲಸ ಕಾಲು ಗಂಟೆಯಲ್ಲಿ ಮುಗಿಯುತ್ತೆ. ಫೋನಿನಲ್ಲಿ ಸೋಮವಾರ ಬೆಳಗ್ಗೆಗೆ ಒಂದು ಅಲಾರಂ ಇಟ್ಟುಕೊಳ್ಳಿ, ನೋಡಿದ್ದನ್ನು ತಾರೀಖು ಹಾಕಿ ಬರೆದಿಡಿ. ನಿಮ್ಮ ಘಟಕದಲ್ಲಿ ಕೂಲಿಗೆ ಬರುವ ಅಕ್ಕಂದಿರೂ ಇದೇ ಗಾಳಿ ಉಸಿರಾಡ್ತಾರೆ. ದಾರ ಯಾಕೆ ಕಟ್ಟಿದ್ದೀರಿ ಅಂತ ಅವರಿಗೂ ಹೇಳಿಕೊಡಿ. ಅದು ಜೋಲುಬಿದ್ದರೆ ಯಂತ್ರ ನಿಲ್ಲಿಸುವ ಅಧಿಕಾರ ಅವರಿಗೂ ಇರಲಿ.