ಕಲೋನ್ ಕೆಥೆಡ್ರಲ್ ಉಳಿದ ಬಗೆ

1945ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಜರ್ಮನಿಯ ಕಲೋನ್ ನಗರವನ್ನು ಪ್ರವೇಶಿಸಿದಾಗ ಹಳೆಯ ಊರು ಬಹುಪಾಲು ಕಲ್ಲುಮಣ್ಣಿನ ರಾಶಿಯಾಗಿತ್ತು. ಅದರ ನಡುವೆ 157 ಮೀಟರ್ ಎತ್ತರದ ಜೋಡಿ ಗೋಪುರಗಳ ಕೆಥೆಡ್ರಲ್ ನಿಂತೇ ಇತ್ತು. ದಾರಿಯ ಗುರುತಿಗಾಗಿ ಬ್ರಿಟಿಷ್ ವಿಮಾನಪಡೆ ಅದನ್ನು ಬೇಕೆಂದೇ ಉಳಿಸಿತೆಂಬ ಮಾತು ಇಂದಿಗೂ ಕೇಳಿಬರುತ್ತದೆಯಾದರೂ, ಆ ಕಾಲದ ರಾತ್ರಿ ದಾಳಿಗಳಿಗೆ ಅಂಥ ನಿಖರತೆ ಇರಲಿಲ್ಲ. 1941ರ ಆಗಸ್ಟ್‌ನ ಬಟ್ ವರದಿ ವಿಮಾನಗಳಿಂದ ತೆಗೆದ ಛಾಯಾಚಿತ್ರಗಳನ್ನು ಪರಿಶೀಲಿಸಿ, ಗುರಿಯ ಮೇಲೆ ದಾಳಿ ಮಾಡಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯಿಂದ ಸುಮಾರು 8 ಕಿಲೋಮೀಟರ್ ಒಳಗೆ ತಲುಪಿತ್ತೆಂದು ತಿಳಿಸಿತು. ಮುಂದೆ ತಂತ್ರಜ್ಞಾನ ಸುಧಾರಿಸಿತು, ನಿಜ. ಆದರೂ ರೈಲು ನಿಲ್ದಾಣ ಮತ್ತು ರೈನ್ ನದಿಯ ರೈಲು ಸೇತುವೆಗೆ ಅಂಟಿಕೊಂಡಂತಿರುವ ಒಂದೇ ಕಟ್ಟಡವನ್ನು ಬಿಟ್ಟು ಉಳಿದುದನ್ನು ಹೊಡೆಯುವುದು ಸಾಧ್ಯವಿರಲಿಲ್ಲ. ಕೆಥೆಡ್ರಲ್‌ಗೂ 14 ಬಾಂಬ್‌ಗಳು ಬಡಿದವು.

ಹಾಗಿದ್ದೂ ಅದು ಉರುಳದಿರುವುದಕ್ಕೆ ಮುಖ್ಯ ಕಾರಣ ಅದರ ಗೋಥಿಕ್ ರಚನೆಯಲ್ಲೇ ಇದೆ. ಈ ಶೈಲಿಯಲ್ಲಿ ಛಾವಣಿಯ ಭಾರವನ್ನು ಗೋಡೆ ಹೊರುವುದಿಲ್ಲ. ಕಂಬಗಳೂ, ಹೊರಗಿನಿಂದ ಓರೆಯಾಗಿ ಒತ್ತಿಹಿಡಿಯುವ ಆಸರೆ ಕಮಾನುಗಳೂ ಆ ಭಾರವನ್ನು ನೆಲಕ್ಕಿಳಿಸುತ್ತವೆ. ಕಂಬಗಳ ನಡುವೆ ಇರುವುದು ಹೆಚ್ಚಾಗಿ ಕಿಟಕಿಯೇ ಆದುದರಿಂದ ಸ್ಫೋಟದ ಒತ್ತಡ ಗಾಜನ್ನು ಒಡೆದು ಹೊರಹೋಗುತ್ತದೆ, ಚೌಕಟ್ಟು ನಿಲ್ಲುತ್ತದೆ. ಇದೇ ನಗರದ 12 ರೋಮನೆಸ್ಕ್ ಚರ್ಚುಗಳು, ಅಂದರೆ ಗೋಥಿಕ್‌ಗಿಂತ ಹಿಂದಿನ ದಪ್ಪಗೋಡೆಯ ಶೈಲಿಯವು, ಬಹುಮಟ್ಟಿಗೆ ಪಾಳುಬಿದ್ದುದನ್ನು ನೋಡಿದರೆ ಈ ವ್ಯತ್ಯಾಸದ ತೂಕ ಅರಿವಾಗುತ್ತದೆ.

ಬೆಂಕಿ ಬಾಂಬ್‌ನಷ್ಟು ಹಾನಿ ಸ್ಫೋಟಕ ಬಾಂಬ್‌ನಿಂದ ಆಗದಿದ್ದ ಸಂದರ್ಭಗಳೂ ಹಲವು. ಡ್ರೆಸ್ಡೆನ್ನಿನ ಫ್ರೌಯೆನ್‌ಕಿರ್ಶೆ ಎಂಬ ಚರ್ಚಿನ ಕಲ್ಲಿನ ಗುಮ್ಮಟ 1945ರ ಫೆಬ್ರವರಿ 13ರ ರಾತ್ರಿಯ ದಾಳಿಯನ್ನು ತಾಳಿಕೊಂಡಿತಾದರೂ, ಸುತ್ತಲಿನ ಉರಿಯಲ್ಲಿ ಕಾದ ಮರಳುಗಲ್ಲಿನ ಕಂಬಗಳು ಬಿರಿದು 15ರ ಬೆಳಿಗ್ಗೆ ಕುಸಿಯಿತು. ಕಲೋನ್‌ನಲ್ಲಿ, 1248ರಲ್ಲಿ ಆರಂಭವಾಗಿ ನಿಂತುಹೋಗಿದ್ದ ಕಾಮಗಾರಿಯನ್ನು 1880ರಲ್ಲಿ ಮುಗಿಸಿದ 19ನೆಯ ಶತಮಾನದವರು ಮೇಲ್ಛಾವಣಿಗೆ ಮರದ ಬದಲು ಕಬ್ಬಿಣದ ಚೌಕಟ್ಟು ಕೂಡಿಸಿದ್ದು ದೊಡ್ಡ ಉಪಕಾರವಾಯಿತು.

ರಚನೆಯೊಂದೇ ಸಾಲುತ್ತಿರಲಿಲ್ಲ. 1943ರ ನವೆಂಬರ್‌ನಲ್ಲಿ ಬಾಂಬೊಂದು ಉತ್ತರ ಗೋಪುರದ ಬುಡದ ಆಧಾರಕಂಬದಿಂದ ಹತ್ತು ಮೀಟರಿಗೂ ಎತ್ತರದ ತುಂಡನ್ನೇ ಕಿತ್ತಾಗ, ಯುದ್ಧದ ನಡುವೆಯೇ ಸಾವಿರಾರು ಇಟ್ಟಿಗೆಗಳನ್ನು ಕಟ್ಟಿ ಆ ಹೊಂಡವನ್ನು ತುಂಬಿದರು. ಆ ಒರಟು ತೇಪೆಯನ್ನು ಕಲ್ಲಿನಿಂದ ಮುಚ್ಚಿದ್ದು 2005ರಲ್ಲಿ. ಕೆಥೆಡ್ರಲ್ ‘ಉಳಿಯಿತು’ ಎಂಬುದನ್ನು ಈ ಮಿತಿಯಲ್ಲೇ ಗ್ರಹಿಸಬೇಕು: ಒಳಗಿನ ಕಮಾನು ಛಾವಣಿಗಳು ಹಲವೆಡೆ ಬಿದ್ದಿದ್ದವು, ಇಡೀ ಒಳಾಂಗಣ ಮತ್ತೆ ಬಳಕೆಗೆ ಬಂದದ್ದು 1956ರಲ್ಲಿ.